ಕಾಶವ್ವನ ಪಕ್ಕಕ್ಕೆ ನಿಂತವಳು

ನಮ್ಮೂರಿನಲ್ಲಿ ಲಾಡು ಕಟ್ಟಿದ ಮೇಲೆ ಅಂಗೈಯಿಂದ ಒತ್ತಿ ಚಪ್ಪಟೆ ಮಾಡುತ್ತಾರೆ. ನಿಂಬೆಹಣ್ಣನ್ನು ಬಲೆಚೀಲದಲ್ಲಿ ಹಾಕಿಯೇ ಮಾರುತ್ತಾರೆ. ತೆಂಗಿನಕಾಯಿಗೆ ಒಂದೊಂದು ಹಗ್ಗದ ಸಿಂಬಿ ಇರುತ್ತದೆ, ಲಟ್ಟಣಿಗೆಯನ್ನು ಮಣೆಗೆ ದಾರ ಹಾಕಿ ಕಟ್ಟಿರುತ್ತಾರೆ, ಗಾಡಿ ನಿಲ್ಲಿಸಿದವರು ಗಾಲಿಗೆ ಕಲ್ಲು ಕೊಡದೆ ಮುಂದೆ ಹೋಗುವುದಿಲ್ಲ. ಹೊರಗಿನಿಂದ ಸೊಸೆಯಾಗಿ ಬಂದವರು ಮೊದಲ ವಾರ ಇದನ್ನೆಲ್ಲ ನೋಡಿ ನಗುತ್ತಾರೆ. ಎರಡನೇ ವಾರ ಅವರ ಕೈಯಿಂದ ಒಂದು ಆಲೂಗಡ್ಡೆ ಜಾರಿ ಬೀಳುತ್ತದೆ. ಅದು ನೆಲದ ಇಳಿಜಾರು ನೋಡದೆ, ಸೀದಾ ಹೋಗಿ ಹೊಸ್ತಿಲ ಬಳಿ ಕೂತ ಅತ್ತೆಯ ಕಾಲಿಗೋ, ಕೆನೆ ತಿಂದು ಬಾಯಿ ಒರೆಸಿಕೊಂಡ ಮೈದುನನ ಕಾಲಿಗೋ ತಾಗುತ್ತದೆ. ಆಮೇಲೆ ಅವರೂ ಆಲೂಗಡ್ಡೆ ತಂದ ಕೂಡಲೇ ಹೆಚ್ಚಿ ಇಡುತ್ತಾರೆ.

ಮಾಡಿದ ತಪ್ಪನ್ನು ಬಾಯಿಬಿಟ್ಟು ಹೇಳದವರ ಕಡೆಗೆ ನಮ್ಮೂರಿನಲ್ಲಿ ಉರುಟು ವಸ್ತುಗಳು ಉರುಳುತ್ತವೆ. ಹತ್ತು ಜನ ನಿಂತಿದ್ದರೆ ಯಾರು ಹೆಚ್ಚು ಮುಚ್ಚಿಟ್ಟುಕೊಂಡಿದ್ದಾರೋ ಅವರ ಕಡೆಗೆ. ತಪ್ಪು ಯಾವುದು ಎಂದು ಅವು ಹೇಳುವುದಿಲ್ಲ. ತಪ್ಪು ಹೊಸದಾಗಿದ್ದರೆ ಎಳೆತ ಜೋರು, ಎಂಟು ಹತ್ತು ದಿನ ಕಳೆದರೆ ಸವೆದುಹೋಗುತ್ತದೆ. ಇಷ್ಟು ಗೊತ್ತಿದ್ದರೆ ಸಾಕು, ಇಲ್ಲಿ ಬಾಳುವೆ ಮಾಡಬಹುದು. ಮದುವೆ ಊಟಕ್ಕೆ ಪಂಕ್ತಿ ಹಾಕಿದಾಗ ಗುತ್ತಿಗೆದಾರ ಮಲ್ಲಿನಾಥಪ್ಪನ ಎಡಬಲದ ಎಲೆಗಳಿಗೆ ಜನ ಓಡಿ ಹೋಗಿ ಕೂರುತ್ತಾರೆ. ಅವನ ಪಕ್ಕ ಕೂತರೆ ನಿಶ್ಚಿಂತೆ. ಯಾವ ಹಣ್ಣು ಬಿದ್ದರೂ ಅವನ ಕಡೆಗೇ ಹೋಗುತ್ತದೆ. ಅವನೂ ಬೇಜಾರು ಮಾಡಿಕೊಳ್ಳುವುದಿಲ್ಲ, ಎತ್ತಿ ಒರೆಸಿ ತಿಂದುಬಿಡುತ್ತಾನೆ.

ಯಾರ ಪಕ್ಕ ನಿಲ್ಲಬೇಕು ಅನ್ನುವುದನ್ನು ನಾನು ಚಿಕ್ಕವಳಿರುವಾಗಲೇ ಕಲಿತಿದ್ದೆ. ನನ್ನ ಹೆಸರು ದಾಕ್ಷಾಯಣಿ. ಮಾತಾಡಬೇಕಾದ ಜಾಗದಲ್ಲಿ ನನಗೆ ಮಾತು ಹೊರಡುವುದಿಲ್ಲ. ಶಾಲೆಯಲ್ಲಿ ಎದ್ದು ನಿಂತು ಪದ್ಯ ಹೇಳು ಅಂದರೆ ಪಾಟಿಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದೆ. ಏಳನೇ ಇಯತ್ತೆ ಮುಗಿದಾಗ ಅವ್ವ, "ಹಪ್ಪಳದ ಕೇಂದ್ರಕ್ಕ ಬರ್ತೀ ಏನ, ಅಲ್ಲಿ ಮಾತಿನ ಗರಜ ಇಲ್ಲ," ಅಂದಳು. ನಾನು ಮಾರನೆಯ ದಿನವೇ ಹೋದೆ. ಅಲ್ಲಿ ಮೂವತ್ತು ಹೆಂಗಸರು ಲಟ್ಟಿಸುತ್ತಿದ್ದರು. ಹಿಟ್ಟನ್ನು ಉಂಡೆ ಮಾಡದೆ ಪುಟ್ಟ ಇಟ್ಟಿಗೆಗಳ ಹಾಗೆ ಚೌಕ ಕತ್ತರಿಸಿ ಕೊಡುತ್ತಿದ್ದರು. ನಾನು ಮೂಲೆಯಲ್ಲಿ ಕೂತು ಲಟ್ಟಿಸುತ್ತ ಎಲ್ಲರ ಮುಖ ನೋಡುತ್ತಿದ್ದೆ. ಯಾರು ನಿನ್ನೆ ಅತ್ತಿದ್ದಾರೆ, ಯಾರು ಏನನ್ನು ಒಳಗೆ ಇಟ್ಟುಕೊಂಡಿದ್ದಾರೆ ಎಂದು ಚೆಂಡಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು.

ಚೆಂಡು ಅಂದೆ. ಅದು ಬಂದದ್ದು ತಾರಾಬಾಯಿ ಅಕ್ಕೋರ ಜೊತೆಗೆ. ಅವರು ಹೊರಗಿನವರು, ಕೇಂದ್ರದ ಮೇಲ್ವಿಚಾರಣೆಗೆ ಬಂದವರು. ಪ್ರಾಯದಲ್ಲಿ ಜಿಲ್ಲೆಯ ತಂಡಕ್ಕೆ ಥ್ರೋಬಾಲ್ ಆಡಿದ್ದರಂತೆ. ಒಂದು ಸೋಮವಾರ ಹಪ್ಪಳ ಒಣಗಿಸುವ ಅಂಗಳದಲ್ಲಿ ಎರಡು ಕಂಬ ನೆಟ್ಟು, ನಡುವೆ ಬಲೆ ಕಟ್ಟಿ, ಚೀಲದಿಂದ ಒಂದು ಚೆಂಡು ತೆಗೆದರು. ಮೂವತ್ತು ಹೆಂಗಸರೂ ಒಂದೊಂದು ಹೆಜ್ಜೆ ಹಿಂದೆ ಸರಿದರು. ಅಷ್ಟು ಗುಂಡಗಿನ, ಅಷ್ಟು ನುಣುಪಾದ ಸಾಮಾನನ್ನು ನಾವು ಯಾರೂ ಬಯಲಲ್ಲಿ ನೋಡಿರಲಿಲ್ಲ.

"ಯಾಕ್ರವಾ, ಹಾವು ಏನ ಇದು?" ಅಂದರು ಅಕ್ಕೋರು.

"ಹಾವಾದ್ರ ಒಬ್ಬರನ್ನ ಕಚ್ಚಿ ಸುಮ್ಮನಾಗ್ತೈತ್ರಿ," ಅಂದಳು ಗಂಗೂ. ಅವಳು ನಮ್ಮ ಕೇಂದ್ರದ ಬಾಯಿಬಡಕಿ. "ಇದು ಊರ ಮಂದೀನೆಲ್ಲ ಹುಡುಕ್ಕೊಂಡು ಹೋಗ್ತೈತಿ."

ಆದರೂ ಹತ್ತು ಹುಡುಗಿಯರು ಮುಂದೆ ಬಂದರು. ನಾನು ಹೋದದ್ದು ಅಕ್ಕೋರು ನನ್ನ ಕೈ ಹಿಡಿದು ಬೆರಳು ನೋಡಿ, "ಈ ಕೈಗೆ ಬಂದದ್ದು ಬೀಳೂದಿಲ್ಲ," ಅಂದದ್ದಕ್ಕೆ. ನನ್ನ ಬಗ್ಗೆ ಯಾರೂ ಹಾಗೆ ಒಂದು ಮಾತು ಹೇಳಿರಲಿಲ್ಲ.

ಥ್ರೋಬಾಲ್‌ನಲ್ಲಿ ಒಂದೊಂದು ಕಡೆ ಏಳು ಜನ. ಬಂದ ಚೆಂಡನ್ನು ಎರಡೂ ಕೈಯಲ್ಲಿ ಹಿಡಿಯಬೇಕು, ಮೂರು ಸೆಕೆಂಡಿನೊಳಗೆ ಒಂದೇ ಕೈಯಲ್ಲಿ ಬಲೆಯ ಆಚೆ ಎಸೆಯಬೇಕು. ಕೆಳಗೆ ಬಿದ್ದರೆ ಎದುರಿನವರಿಗೆ ಅಂಕ. ಬೇರೆ ಊರಲ್ಲಿ ಬಿದ್ದ ಚೆಂಡು ಬಿದ್ದಲ್ಲೇ ಇರುತ್ತದೆ, ಇಲ್ಲವೇ ಎತ್ತಲೋ ಹೋಗುತ್ತದೆ. ನಮ್ಮಲ್ಲಿ ಹಾಗಲ್ಲವಲ್ಲ. ಇಬ್ಬರ ನಡುವೆ ಚೆಂಡು ಬೀಳುತ್ತಿತ್ತು, "ನಿಂದು, ನೀ ಬಿಟ್ಟಿ," ಎಂದು ಇಬ್ಬರೂ ಕೂಗಾಡುತ್ತಿದ್ದರು, ಚೆಂಡು ನಿಧಾನವಾಗಿ ಹೊರಳಿ ಒಬ್ಬಳ ಕಾಲಿಗೆ ಹೋಗುತ್ತಿತ್ತು. ಅವಳು ಅಳುತ್ತ ಮನೆಗೆ ಹೋಗುತ್ತಿದ್ದಳು. ಹದಿನೈದು ದಿನ ನಮಗೆ ಆಟ ಅಂದರೆ ಚೆಂಡು ಯಾರ ಕಡೆ ಹೋಗುತ್ತದೆ ಎಂದು ಕಾಯುವುದೇ ಆಗಿತ್ತು.

ಉಪಾಯ ಹೊಳೆದದ್ದು ಮೆಹರುನ್ನಿಸಾಗೆ. ನಾವು ಮೆಹರ್ ಅನ್ನುತ್ತಿದ್ದೆವು. ನೇರ ಮಾತಿನವಳು, ಆಮೇಲೆ ನಮ್ಮ ನಾಯಕಿಯಾದವಳು. ಒಂದು ದಿನ ಚೆಂಡು ಅವಳ ಬೆರಳಿಗೆ ತಾಗಿ ಬಿತ್ತು. ಅದು ಇನ್ನೂ ಪುಟಿಯುತ್ತಿರುವಾಗಲೇ ಅವಳು ಕೈ ಎತ್ತಿ, "ನಂದ ತಪ್ಪ! ನಾ ತಡಾ ಮಾಡಿದೆ!" ಎಂದು ಕೂಗಿದಳು. ಚೆಂಡು ಬಿದ್ದಲ್ಲೇ ನಿಂತುಬಿಟ್ಟಿತು. ನಾವೆಲ್ಲ ಅದನ್ನು ಸುತ್ತುಗಟ್ಟಿ ನೋಡಿದೆವು. ಸತ್ತ ಇಲಿಯನ್ನು ನೋಡುವ ಹಾಗೆ.

ಅಂದಿನಿಂದ ಅದೇ ನಮ್ಮ ಪದ್ಧತಿಯಾಯಿತು. ತಪ್ಪಿದವಳು ಚೆಂಡಿಗಿಂತ ಮೊದಲು ಕೈ ಎತ್ತಬೇಕು. ಮೊದಲು ನಾಚಿಕೆ, ಆಮೇಲೆ ಪೈಪೋಟಿ. ನನಗೂ ಆ ಎರಡು ಪದ ಹೇಳುವುದು ಕಷ್ಟವಾಗುತ್ತಿರಲಿಲ್ಲ, ಏಳು ಜನರಲ್ಲಿ ಎಲ್ಲರೂ ಹೇಳುವುದು ಅದೇ ಆದ್ದರಿಂದ. ಕೇಂದ್ರದೊಳಗೂ ಅದು ಹರಡಿತು. "ಉಪ್ಪು ಎರಡು ಸಲ ಬಿತ್ತು, ನಂದ ತಪ್ಪ," ಎಂದು ಯಾರೋ ಕೂಗಿದರೆ, "ಬಿಡವಾ, ನೀರು ಕುಡಿಯೋರು ಕುಡೀತಾರ," ಎಂದು ಇನ್ಯಾರೋ ನಗುತ್ತಿದ್ದರು. ತಾಲೂಕು ಕಪ್ಪಿಗೆ ಹೋದಾಗ ನಾವು ಹೊರಗಿನ ಮೈದಾನದಲ್ಲೂ ಬಿಡದೆ ಕೈ ಎತ್ತುತ್ತಿದ್ದೆವು. ಎದುರಿನ ತಂಡದವರು ಮುಸಿಮುಸಿ ನಕ್ಕರು. ಅಂಪೈರ್ ಒಬ್ಬರು, "ಏನಮ್ಮಾ, ಪ್ರತಿಸಲ ಅರ್ಜಿ ಕೊಡ್ತೀರಲ್ಲ," ಅಂದರು. ಆದರೆ ಅವರು ಒಂದು ಅಂಕ ಹೋದರೆ ಒಬ್ಬರನ್ನೊಬ್ಬರು ದುರುಗುಟ್ಟಿ ನೋಡುತ್ತ ಇನ್ನೆರಡು ಅಂಕ ಕಳೆಯುತ್ತಿದ್ದರು. ನಾವು ಒಂದಕ್ಕೇ ಮುಗಿಸಿ ಮುಂದಿನದಕ್ಕೆ ಸಿದ್ಧರಾಗಿರುತ್ತಿದ್ದೆವು. ಮೂರು ಪಂದ್ಯ ಗೆದ್ದೆವು.

ಗೆದ್ದದ್ದರಲ್ಲಿ ಅರ್ಧ ಪಾಲು ಕಾಶವ್ವನದು. ಎತ್ತರದ ಹುಡುಗಿ, ತಂದೆ ಇಲ್ಲ, ಮನೆಯಲ್ಲಿ ತಾಯಿ ಮತ್ತು ಮುಂಗೋಪಿ ಅಣ್ಣ. ಅವಳು ಹಿಂದಿನ ಸಾಲಿನಿಂದ ಎಸೆದರೆ ಚೆಂಡು ಬಲೆಯನ್ನು ಸವರಿಕೊಂಡು ಹೋಗಿ ಎದುರಿನವರ ಮೂಲೆಯಲ್ಲಿ ಬೀಳುತ್ತಿತ್ತು. ಅವಳ ಎಡಕ್ಕೆ ನನ್ನ ಜಾಗ. ನಮ್ಮಿಬ್ಬರ ನಡುವೆ ಬಂದ ಚೆಂಡಿಗೆ ಅವಳು ಒಂದೇ ಒಂದು ಸಲ ಕಣ್ಣು ಹಾಯಿಸುತ್ತಿದ್ದಳು, ಅಷ್ಟರಲ್ಲೇ ಯಾರು ಹಿಡಿಯಬೇಕೆಂದು ನನಗೆ ತಿಳಿಯುತ್ತಿತ್ತು. ಮಾತು ಬೇಡದ ಒಂದು ಗೆಳೆತನ ನನಗೆ ಸಿಕ್ಕಿತ್ತು.

ನಾಲ್ಕನೇ ಪಂದ್ಯ ಹೊಳೆಯಾಚೆಯ ಊರಿನ ತಂಡದ ಮೇಲೆ, ಒಂದು ಭಾನುವಾರ. ಟೆಂಪೋ ಏಳು ಗಂಟೆಗೆ ಹೊರಡುವುದಿತ್ತು. ಶನಿವಾರ ಸಂಜೆ ಅಕ್ಕೋರಿಗೆ ಸುದ್ದಿ ಬಂತು, ಪಂದ್ಯವನ್ನು ಒಂದು ಗಂಟೆ ಮುಂಚೆ ಇಟ್ಟಿದ್ದಾರೆ, ಆರಕ್ಕೇ ಹೊರಡಬೇಕು ಎಂದು. ಕಾಶವ್ವ ಅಂದು ಬೇಗ ಮನೆಗೆ ಹೋಗಿದ್ದಳು. "ದಾಕ್ಷೀ, ನಿನ್ನ ದಾರ್‍ಯಾಗ ಬರ್ತೈತಿ ಆಕೀ ಮನಿ. ಹೇಳಿ ಹೋಗ್ತೀ?" ಅಂದಳು ಮೆಹರ್. ನಾನು ತಲೆಯಾಡಿಸಿದೆ.

ಕಾಶವ್ವನ ಮನೆಯ ಕದ ಮುಚ್ಚಿತ್ತು. ತಟ್ಟಲು ಕೈ ಎತ್ತಿದೆ. ಒಳಗೆ ಅವಳ ತಾಯಿ ಅಳುತ್ತಿದ್ದಳು. "ನಿಮ್ಮಣ್ಣಗ ಗೊತ್ತಾದ್ರ ಏನ ಗತಿ?" ಅನ್ನುತ್ತಿದ್ದಳು. "ಗೊತ್ತಾಗೂದಿಲ್ಲ. ನಾ ಸಾಯೂತನಾ ಬಾಯಿ ಬಿಡೂದಿಲ್ಲ. ನೀ ಸುಮ್ಮನಿರವ್ವ," ಅಂದಳು ಕಾಶವ್ವ. ಅವಳ ದನಿ ನಾನು ಎಂದೂ ಕೇಳದ ಹಾಗಿತ್ತು. ನನ್ನ ಕೈ ಅಲ್ಲೇ ಗಾಳಿಯಲ್ಲಿ ನಿಂತಿತು. ಈಗ ತಟ್ಟಿದರೆ ಕೇಳಿಸಿಕೊಂಡೆ ಎಂದು ಗೊತ್ತಾಗುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಬರೋಣ ಅಂದುಕೊಂಡು ಮನೆಗೆ ಹೋದೆ. ಸ್ವಲ್ಪ ಹೊತ್ತಾಯಿತು, ಇನ್ನೂ ಸ್ವಲ್ಪ ಹೊತ್ತಾಯಿತು. ಬೆಳಿಗ್ಗೆ ಐದಕ್ಕೆ ಎದ್ದು ಹೋಗಿ ಹೇಳಿದರಾಯಿತು ಅಂದುಕೊಂಡು ಮಲಗಿದೆ. ಎದ್ದಾಗ ಐದೂಮುಕ್ಕಾಲು.

ಓಡಿಕೊಂಡು ಟೆಂಪೋ ಹತ್ತಿದೆ. "ಕಾಶವ್ವಗ ಹೇಳಿದಿಲ್ಲೋ?" ಎಂದು ಮೆಹರ್ ಕೇಳಿದಳು. ಎಂಟು ಮುಖಗಳು ನನ್ನ ಕಡೆ ತಿರುಗಿದವು. "ಹೇಳೀನಿ," ಅಂದೆ. ಯಾಕೆ ಅಂದೆ ಎಂದು ಕೇಳಿದರೆ, ಇಲ್ಲ ಅನ್ನುವುದಕ್ಕೆ ಮುಂದೆ ಹತ್ತು ಮಾತು ಬೇಕಿತ್ತು, ಹೌದು ಅನ್ನುವುದಕ್ಕೆ ಒಂದೇ ಸಾಕಿತ್ತು. ಡ್ರೈವರ್ ಹತ್ತು ನಿಮಿಷ ಹಾರ್ನ್ ಹೊಡೆದ. ಗಾಲಿಗೆ ಕೊಟ್ಟ ಕಲ್ಲು ತೆಗೆದು ಹೊರಟುಬಿಟ್ಟೆವು. ಕಾಶವ್ವನ ಜಾಗದಲ್ಲಿ ಗಂಗೂ ಆಡಿದಳು. ಪಾಪ, ಚೆಂಡು ಬಂದಾಗಲೆಲ್ಲ ಅವಳು ಕಣ್ಣು ಮುಚ್ಚುತ್ತಿದ್ದಳು. ಎರಡೂ ಸೆಟ್ ಸೋತೆವು. ಹಿಂದಿನ ಗೆಲುವುಗಳ ಬಲದಿಂದ ಫೈನಲ್ಲಿಗೇನೋ ಉಳಿದೆವು, ಅದೂ ಇದೇ ಹೊಳೆಯಾಚೆಯ ತಂಡದ ಮೇಲೆ, ಎರಡು ವಾರ ಬಿಟ್ಟು.

ಸೋಮವಾರ ಬೆಳಿಗ್ಗೆ ಅಂಗಳದಲ್ಲಿ ಕಾಶವ್ವ ನಮಗಿಂತ ಮೊದಲೇ ಬಂದು ನಿಂತಿದ್ದಳು. ಕಣ್ಣು ಕೆಂಪಾಗಿತ್ತು. "ಏಳಕ್ಕ ಬಂದ್ರ ಟೆಂಪೋನ ಇಲ್ಲ. ನನ್ನ ಬಿಟ್ಟು ಹೋಗೂವಂಥಾದ್ದು ನಾ ಏನ ಮಾಡಿದ್ದೆ?"

"ಆರಕ್ಕ ಅಂತ ದಾಕ್ಷಿ ಹೇಳಿದ್ಲಲ್ಲ," ಅಂದಳು ಮೆಹರ್.

"ನನಗ ಯಾರೂ ಹೇಳಿಲ್ಲ."

"ದಾಕ್ಷೀ?"

"ಹೇಳೀನಿ," ಅಂದೆ. ಎರಡನೇ ಸಲ ಅದು ಇನ್ನೂ ಸುಲಭವಾಗಿ ಬಂತು.

ಅಕ್ಕೋರು, "ಹೋಗ್ಲಿ ಬಿಡ್ರಿ, ಮುಂದಿಂದು ನೋಡೂಣು," ಅಂದರು. ಆದರೆ ಗಂಗೂ ಆಗಲೇ ಚೆಂಡನ್ನು ತಂದಿದ್ದಳು. ಮೆಹರ್ ಅದನ್ನು ಇಸಿದುಕೊಂಡು ನೆಲದ ಮೇಲೆ ಇಟ್ಟಳು. ನಾವೆಲ್ಲ ಸುತ್ತ ನಿಂತೆವು. ನಾನು ಎರಡು ಹೆಜ್ಜೆ ಸರಿದು ಕಾಶವ್ವನ ಪಕ್ಕಕ್ಕೆ, ಅರ್ಧ ಅಡಿ ಹಿಂದೆ ನಿಂತೆ. ಆ ಕದದ ಹಿಂದೆ ಕೇಳಿದ ಮಾತು ನನ್ನ ಕಿವಿಯಲ್ಲಿತ್ತು. ಸಾಯುವತನಕ ಬಾಯಿ ಬಿಡುವುದಿಲ್ಲ ಅಂದವಳ ಗುಟ್ಟಿನ ಮುಂದೆ ನನ್ನ ಒಂದು ಸುಳ್ಳು ಎಷ್ಟರದು.

ಚೆಂಡು ಒಂದು ಗಳಿಗೆ ಅಲ್ಲಾಡಿತು. ಆಮೇಲೆ ಹೊರಳುತ್ತ ಬಂತು. ನನ್ನ ಕಡೆಗೇ ಬಂದ ಹಾಗೆ ಕಂಡಿತು. ಅದು ಕಾಶವ್ವನ ಹೆಬ್ಬೆರಳಿಗೆ ತಾಗಿ ನಿಂತಿತು.

ಕಾಶವ್ವ ಕೆಳಗೆ ಚೆಂಡನ್ನು ನೋಡಿದಳು. ಇದು ಟೆಂಪೋದ ಮಾತಿಗೆ ಬಂದದ್ದಲ್ಲ ಎಂದು ಹೇಳಿದರೆ, ಹಾಗಾದರೆ ಯಾವ ಮಾತಿಗೆ ಎಂದು ಕೇಳುತ್ತಾರೆ. ಅವಳು ಅದನ್ನು ಲೆಕ್ಕ ಹಾಕುವುದು ನನಗೆ ಕಾಣಿಸಿತು. ಅವಳು ಮೆಲ್ಲಗೆ ಕಾಲು ಹಿಂದಕ್ಕೆ ತೆಗೆದುಕೊಂಡು, ಗೇಟು ದಾಟಿ ಹೋದಳು. ಮರುದಿನದಿಂದ ಕೇಂದ್ರಕ್ಕೂ ಬರಲಿಲ್ಲ. ಹಿಟ್ಟನ್ನು ಮನೆಗೆ ತರಿಸಿಕೊಂಡು ಲಟ್ಟಿಸಿ ಕೊಡುತ್ತಿದ್ದಳು.

ಅವಳ ಜಾಗವನ್ನು ನನಗೆ ಕೊಟ್ಟರು. ಅಭ್ಯಾಸದಲ್ಲಿ ಚೆಂಡು ಬಿದ್ದ ಕೂಡಲೇ ನಾನು ಅದರತ್ತ ಓಡಿ ಎತ್ತಿಕೊಳ್ಳುತ್ತಿದ್ದೆ. ಅದು ನನ್ನ ಕಡೆಗೆ ಬರುವುದು ಯಾರ ಕಣ್ಣಿಗೂ ಬೀಳಬಾರದಲ್ಲ. "ನೋಡ್ರಿ, ದಾಕ್ಷಿ ಎಷ್ಟು ಚುರುಕಾಗ್ಯಾಳ," ಅಂದಳು ಮೆಹರ್. ಕೇಂದ್ರದ ಹೆಂಗಸರು ನನ್ನ ಹೆಸರು ಹಿಡಿದು ಮಾತಾಡಿಸತೊಡಗಿದರು. ಅವ್ವ ಮಾದಲಿ ಮಾಡಿದಳು, ಮಗಳು ಫೈನಲ್ ಆಡುತ್ತಾಳೆ ಎಂದು. ನಾನು ತಿಂದೆ, ರುಚಿಯಾಗಿತ್ತು. ಅದನ್ನು ಮುಚ್ಚಿಟ್ಟು ಏನು ಮಾಡಲಿ.

ತಂಡ ಮಾತ್ರ ಮೊದಲಿನ ಹಾಗೆ ಇರಲಿಲ್ಲ. ಯಾರಾದರೂ ಐದು ನಿಮಿಷ ತಡವಾಗಿ ಬಂದರೆ ಗಂಗೂ ಚೆಂಡು ಇಡುತ್ತಿದ್ದಳು. ಆಗೆಲ್ಲ ನಾನು ನೀರು ಕುಡಿಯುವ ನೆಪದಲ್ಲಿ ಒಳಗೆ ಹೋಗುತ್ತಿದ್ದೆ. ಹುಡುಗಿಯರು ಮನೆಯಲ್ಲಿ ಜಗಳವಾದ ದಿನ ಬರುವುದನ್ನೇ ಬಿಟ್ಟರು. "ನಂದ ತಪ್ಪ" ಅನ್ನುವುದು ಹೆಚ್ಚಾಯಿತು, ಆದರೆ ಅದು ಈಗ ಚೆಂಡಿಗೆ ಹೆದರಿ ಹೇಳಿದ್ದು. ಹೇಳಿದವಳ ಮುಖವನ್ನು ಯಾರೂ ನೋಡುತ್ತಿರಲಿಲ್ಲ, ಎಲ್ಲರೂ ನೆಲ ನೋಡುತ್ತಿದ್ದರು. ಅಕ್ಕೋರು ಬಲೆಯ ಕಂಬಕ್ಕೆ ಒರಗಿ ನೋಡುತ್ತ ನಿಂತಿರುತ್ತಿದ್ದರು.

ಮನೆಯಲ್ಲಿ ಯಾರೂ ಇಲ್ಲದಾಗ ನಾನು ಕದ ಹಾಕಿಕೊಂಡು ಒಂದು ನಿಂಬೆಹಣ್ಣನ್ನು ಅಡುಗೆಮನೆಯ ನೆಲದ ಮೇಲೆ ಇಟ್ಟು, ಎದುರು ಗೋಡೆಗೆ ಆನಿಕೊಂಡು ಕೂರುತ್ತಿದ್ದೆ. ಮೊದಲ ದಿನ ಅದು ಓಡಿ ಬಂದು ಮೊಣಕಾಲಿಗೆ ಬಡಿಯಿತು. ಐದನೇ ದಿನ ನಡುವೆ ತಡೆದು ತಡೆದು ಬಂತು. ಎಂಟನೇ ದಿನ ಅರ್ಧ ದಾರಿಗೆ ನಿಂತಿತು. ಹತ್ತನೇ ದಿನ, ಫೈನಲ್ ಪಂದ್ಯಕ್ಕೆ ಇನ್ನು ನಾಲ್ಕು ದಿನ ಇರುವಾಗ, ಇಟ್ಟಲ್ಲೇ ಇತ್ತು. ನಾನು ನೆಲಕ್ಕೆ ಕೆನ್ನೆ ಹಚ್ಚಿ ನೋಡಿದೆ. ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

ಖುಷಿಯಾಗಬೇಕಿತ್ತು. ಆಗಲಿಲ್ಲ. ಇಷ್ಟು ದಿನ ಯಾವಾಗಲೋ ಒಮ್ಮೆ ಸಿಕ್ಕಿಬೀಳುತ್ತೇನೆ, ಚೆಂಡು ನನ್ನ ಕಾಲಿಗೆ ಬರುತ್ತದೆ, ಆಗ ಎಲ್ಲ ಮುಗಿಯುತ್ತದೆ ಎಂದು ಒಳಗೊಳಗೇ ಕಾಯುತ್ತಿದ್ದೆ ಅಂತ ಆಗ ಗೊತ್ತಾಯಿತು. ಈಗ ನಿಂಬೆಹಣ್ಣೂ ಮರೆತಿತ್ತು. ಕಾಶವ್ವ ಸುಳ್ಳಿ ಅಲ್ಲ ಎಂದು ಹೇಳುವಂಥದ್ದು ಏನಾದರೂ ಇನ್ನು ಈ ಊರಿನಲ್ಲಿ ಉಳಿದಿದ್ದರೆ ಅದು ನನ್ನ ಬಾಯಿ ಒಂದೇ.

ಗುರುವಾರ ಬೆಳಿಗ್ಗೆ ಅಭ್ಯಾಸಕ್ಕೆ ಮೊದಲು ನಾನು ಅಂಗಳದ ನಡುವೆ ನಿಂತೆ. ಯಾರೂ ಗಮನಿಸಲಿಲ್ಲ, ನಾನು ನಿಲ್ಲುವುದನ್ನು ಗಮನಿಸುವ ರೂಢಿ ಯಾರಿಗೂ ಇರಲಿಲ್ಲ. "ನಾ ಕಾಶವ್ವಗ ಹೇಳಿರಲಿಲ್ಲ," ಅಂದೆ. ಗಂಗೂ ಜಡೆ ಕಟ್ಟಿಕೊಳ್ಳುತ್ತಿದ್ದವಳು, "ಏನ?" ಅಂದಳು. ಮತ್ತೊಮ್ಮೆ ಹೇಳಬೇಕಾಯಿತು. "ಆವತ್ತು ಆಕೀ ಮನೀತನಕಾ ಹೋಗಿ, ಕದ ಬಡೀದ ಹೊಳ್ಳಿ ಬಂದೆ. ಹೇಳೀನಿ ಅಂದದ್ದು ಸುಳ್ಳು. ನಂದ ತಪ್ಪ."

"ಆಕೀನ್ನ ಉಳಸಾಕ ಹಿಂಗ ಹೇಳ್ತಿ ನೀ," ಅಂದಳು ಗಂಗೂ. "ನಾವೆಲ್ಲಾ ಕಣ್ಣಾರೆ ನೋಡೀವಿ. ಚೆಂಡು ಆಕೀ ಕಡೆ ಹೋತು, ನಿನ್ನ ಕಡೆ ಬರಲಿಲ್ಲ."

"ನಾ ಬೇಕಂತ ಆಕೀ ಪಕ್ಕ ನಿಂತಿದ್ದೆ."

ಮೆಹರ್ ಹತ್ತಿರ ಬಂದಳು. ಅವಳು ದಡ್ಡಿಯಲ್ಲ. "ಅಂದ್ರ ಆಕೀ ಕಡೇನ ಹೋಗ್ತೈತಿ ಅಂತ ನಿನಗ ಮೊದಲಽ ಗೊತ್ತಿತ್ತು. ಹ್ಯಾಂಗ ಗೊತ್ತಿತ್ತು?"

ಅದಕ್ಕೆ ಉತ್ತರ ಹೇಳಿದ್ದರೆ ಎಲ್ಲರೂ ನನ್ನನ್ನು ನಂಬುತ್ತಿದ್ದರು. ಆ ಕದದ ಹಿಂದಿನ ಮಾತು ನಾಲಿಗೆಯ ತುದಿಗೆ ಬಂದಿತ್ತು. ಸಂಜೆಯೊಳಗೆ ಅದು ಕಾಶವ್ವನ ಅಣ್ಣನ ಕಿವಿಗೆ ಬೀಳುತ್ತಿತ್ತು, ನಮ್ಮ ಗಂಗೂ ಇದ್ದಮೇಲೆ.

"ಅದನ್ನ ನಾ ಹೇಳೂದಿಲ್ಲ," ಅಂದೆ.

"ಹೇಳದಿದ್ರ ನಿನ್ನ ಹ್ಯಾಂಗ ನಂಬೂದು?"

"ನನ್ನ ನಂಬಬ್ಯಾಡ್ರಿ. ಆಕೀನ್ನ ಕರಸ್ರಿ."

ಚೆಂಡು ನಮ್ಮೆಲ್ಲರ ನಡುವೆ ಬಿದ್ದಿತ್ತು. ಎಲ್ಲರೂ ಅದನ್ನೇ ನೋಡಿದರು. ಅದು ಯಾರ ಕಡೆಗೂ ಹೋಗಲಿಲ್ಲ. ಆಗ ಅಕ್ಕೋರು ಬಂದು ಅದನ್ನು ಎತ್ತಿ ಚೀಲಕ್ಕೆ ಹಾಕಿ ದಾರ ಬಿಗಿದರು. "ನಮ್ಮೂರಾಗ ಚೆಂಡು ಇಳಿಜಾರು ಇದ್ದಲ್ಲಿ ಹೋಗ್ತೈತಿ," ಅಂದರು, "ಅದಕ್ಕ ಅಲ್ಲಿ ನಾವು ಮಂದೀನ್ನ ಕೇಳಬೇಕಾಗ್ತಿತ್ತು. ಮೆಹರ್, ನೀನು ನಾಯಕಿ. ಆಕೀ ಮುಖಾ ನೋಡಿ ಏನ ಅನಸ್ತೈತಿ ಹೇಳು."

ಮೆಹರ್ ನನ್ನ ಮುಖ ನೋಡಿದಳು. ಅಷ್ಟು ಹೊತ್ತು ನನ್ನನ್ನು ಯಾರೂ ನೋಡಿದ್ದಿಲ್ಲ. ಬೇರೆಯವರನ್ನು ನೋಡುವುದು ನನ್ನ ಕೆಲಸ, ನೋಡಿಸಿಕೊಳ್ಳುವುದು ಅಭ್ಯಾಸವಿಲ್ಲ. ತಲೆ ತಗ್ಗಿಸಬೇಕು ಅನ್ನಿಸಿತು, ತಗ್ಗಿಸಲಿಲ್ಲ.

"ಖರೇ ಹೇಳಾಕತ್ತಾಳ," ಅಂದಳು ಮೆಹರ್ ಕೊನೆಗೆ. ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟೂ ಇತ್ತು. "ಆಕೀನ್ನ ಒಂದು ಮಾತು ಕೇಳಲಿಲ್ಲ ನಾನು. ಚೆಂಡು ಇಟ್ಟಾಕಿ ನಾ. ಅದು ನಂದ ತಪ್ಪ. ನಿಂದು ನಿನಗ ಐತಿ. ಭಾನುವಾರ ನೀ ಆಡೂದಿಲ್ಲ."

"ಹೂಂ," ಅಂದೆ.

"ಆಕೀಗ ಯಾರ ಹೇಳ್ತೀರಿ?"

"ನಾನಽ."

ಸಂಜೆ ಕಾಶವ್ವ ಹಿಟ್ಟಿನ ಗಿರಣಿಯಲ್ಲಿದ್ದಾಳೆ ಎಂದು ತಿಳಿಯಿತು. ಗಿರಣಿಯಲ್ಲಿ ಹದಿನೈದು ಜನ ಡಬ್ಬಿ ಸಾಲುಹಚ್ಚಿ ನಿಂತಿದ್ದರು. ಬೆಲ್ಟು ಹೊಡೆದುಕೊಳ್ಳುವ ಸದ್ದಿಗೆ ಗೋಡೆ ಅದುರುತ್ತಿತ್ತು. ಕಾಶವ್ವ ಜೋಳದ ಹಿಟ್ಟು ಬೀಳುವ ಬಾಯಿಗೆ ಡಬ್ಬಿ ಹಿಡಿದಿದ್ದಳು, ಹುಬ್ಬೆಲ್ಲ ಬೆಳ್ಳಗಾಗಿತ್ತು. ನಾನು ಹತ್ತಿರ ಹೋಗಿ ಹೇಳಿದೆ. ಅವಳು ಕಿವಿ ತೋರಿಸಿ ಕೇಳಿಸುವುದಿಲ್ಲ ಎಂದು ಕೈಯಾಡಿಸಿದಳು. ಇನ್ನೂ ಗಟ್ಟಿಯಾಗಿ ಹೇಳಿದೆ. "ಏನಽ?" ಎಂದು ಅವಳ ತುಟಿ ಅಲ್ಲಾಡಿತು. ಹುಟ್ಟಿದಾಗಿನಿಂದ ನಾನು ಕೂಗಿರಲಿಲ್ಲ. ಕಣ್ಣು ಮುಚ್ಚಿ ಕೂಗಿದೆ. "ಟೆಂಪೋ ಆರಕ್ಕ ಅಂತ ನಿನಗ ಹೇಳಾಕ ಬಂದಾಕಿ ಹೇಳದ ಹೋದೆ! ಹೇಳೀನಿ ಅಂತ ಎಲ್ಲಾರ ಮುಂದ ಸುಳ್ಳು ಹೇಳಿದೆ!" ಗಿರಣಿಯ ಬಸಣ್ಣ ನನಗೇನೋ ಆಯಿತು ಎಂದು ಹೆದರಿ ನಡುವೆಯೇ ಯಂತ್ರ ನಿಲ್ಲಿಸಿಬಿಟ್ಟ. ಕೊನೆಯ ಎರಡು ಪದ ಗೋಡೆಗೆ ಬಡಿದು ತಿರುಗಿ ಬಂದವು.

"ಯಾರಿಗವಾ ಸುಳ್ಳು ಹೇಳಿದಿ?" ಎಂದು ಸಾಲಿನಲ್ಲಿದ್ದ ಮುದುಕಿ ಕೇಳಿದಳು.

"ಆಯೀ, ನಿನಗಲ್ಲ, ಸುಮ್ಮನಿರು," ಎಂದ ಬಸಣ್ಣ.

ಕಾಶವ್ವ ಡಬ್ಬಿ ಮುಚ್ಚಿ ಹೊರಗೆ ಕಟ್ಟೆಗೆ ಬಂದಳು. ನಾನು ಹಿಂದೆ ಹೋದೆ. ಒಳಗೆ ಯಂತ್ರ ಮತ್ತೆ ಶುರುವಾಯಿತು.

"ಬಾಗಲದಾಗ ಬಂದಿದ್ದಿ ಅಂದ್ರ," ಎಂದು ಅವಳು ದನಿ ತಗ್ಗಿಸಿದಳು, "ಒಳಗಿನ ಮಾತು ಕೇಳಿದಿ?"

"ಕೇಳಿದೆ."

"ತಂಡದವರ ಮುಂದ ಅಂದಿ?"

"ಕೇಳಿದ್ರು. ಹೇಳಲಿಲ್ಲ. ನೀನೂ ನನಗ ಹೇಳಬ್ಯಾಡ, ಅದು ನಿಮ್ಮ ಮನೀದು."

ಅವಳು ಸೆರಗಿನಿಂದ ಹುಬ್ಬು ಒರೆಸಿಕೊಂಡಳು. ಒರೆಸಿದಷ್ಟೂ ಹಿಟ್ಟು ಮೆತ್ತಿತು. "ಅವತ್ತು ಚೆಂಡು ಇಟ್ಟಾಗ ನೀ ಬಂದು ನನ್ನ ಪಕ್ಕ ನಿಂತಿದ್ದು ನಾ ನೋಡಿದ್ದೆ ದಾಕ್ಷಿ," ಅಂದಳು. "ನೀ ಅವ್ವಗ ಹೇಳಿರಬೇಕು, ಅಳೂದ್ರಾಗ ಆಕೀ ಮರತಿರಬೇಕು, ನನಗ ಧೈರ್ಯ ಕೊಡಾಕ ಬಂದಿ ಅಂತ ತಿಳ್ಕೊಂಡಿದ್ದೆ. ಈ ಹನ್ನೊಂದು ದಿನಾ ಮನ್ಯಾಗ ಕುಂತು ಅದನ್ನ ನೆನಸ್ತಿದ್ದೆ. ಎಲ್ಲಾರೂ ಕೈಬಿಟ್ರು, ಆಕೀ ಒಬ್ಬಾಕಿ ಬಂದು ನಿಂತಳಲ್ಲ ಅಂತ."

ಅವಳು ಡಬ್ಬಿಯನ್ನು ನಡುವಿಗೆ ಇಟ್ಟುಕೊಂಡು ಹೋದಳು.

ಭಾನುವಾರ ಕಾಶವ್ವ ಬಂದಳು. ನನ್ನ ಸಲುವಾಗಿ ಬಂದದ್ದಲ್ಲ. ಮೆಹರ್ ಮತ್ತು ಗಂಗೂ ಶುಕ್ರವಾರ ಅವಳ ಮನೆಗೆ ಹೋಗಿ, ಅವಳ ಅಣ್ಣನ ಎದುರಿಗೇ, "ನಾವು ನಿನ್ನ ಮಾತು ಕೇಳದ ಕಳಿಸಿದ್ವಿ," ಎಂದು ಹೇಳಿ ಬಂದಿದ್ದರು. ಚೆಂಡು ಯಾಕೆ ಅವಳ ಕಡೆ ಹೋಯಿತು ಎಂದು ಗಂಗೂ ಕೂಡ ಕೇಳಲಿಲ್ಲವಂತೆ. ಅದು ಅವಳ ಬಾಳಿನಲ್ಲೇ ದೊಡ್ಡ ಸಾಧನೆ ಎಂದು ಮೆಹರ್ ಹೇಳಿದಳು.

ನಾನು ಮೈದಾನದ ಗೆರೆಯ ಹೊರಗೆ ಬೆಂಚಿನ ಮೇಲೆ ಕೂತು ನೋಡಿದೆ. ಮೊದಲ ಸೆಟ್ ಸೋತರು, ಎರಡನೆಯದು ಗೆದ್ದರು. ಮೂರನೆಯದರಲ್ಲಿ ಹನ್ನೆರಡಕ್ಕೆ ಹನ್ನೆರಡು ಆದಾಗ ಗಂಗೂ ಕಣ್ಣು ತೆರೆದುಕೊಂಡೇ ಒಂದು ಚೆಂಡು ಹಿಡಿದಳು, ಆಮೇಲೆ ತಾನೇ ಬೆಚ್ಚಿಬಿದ್ದು ಎಸೆಯುವುದನ್ನು ಮರೆತಳು. ಅಂಕ ಹೋಯಿತು. ಕೈ ಎತ್ತಿದಳು. ಉಳಿದ ಆರೂ ಜನ ಅವಳ ಮುಖ ನೋಡಿ ನಕ್ಕರು, ನಗುತ್ತಲೇ ತಮ್ಮ ತಮ್ಮ ಜಾಗದಲ್ಲಿ ಮಂಡಿ ಬಗ್ಗಿಸಿ ನಿಂತರು. ಮುಂದಿನ ಮೂರು ಅಂಕವನ್ನೂ ಕಾಶವ್ವ ಹಿಂದಿನ ಸಾಲಿನಿಂದ ಎಸೆದು ತಂದಳು. ಕಪ್ಪು ನಮ್ಮದಾಯಿತು. ಫೋಟೋಕ್ಕೆ ನಿಂತಾಗ ಅಕ್ಕೋರು ನನ್ನನ್ನೂ ಕರೆದರು. ನಾನು ಅಂಚಿಗೆ ನಿಂತೆ. ಕಾಶವ್ವ ಇನ್ನೊಂದು ಅಂಚಿನಲ್ಲಿದ್ದಳು. ಹೋಗುವಾಗಲೂ ಬರುವಾಗಲೂ ಅವಳು ನನ್ನ ಜೊತೆ ಮಾತಾಡಲಿಲ್ಲ.

ಮಂಗಳವಾರ ಮತ್ತೆ ಅಭ್ಯಾಸ ಶುರುವಾಯಿತು. ಅಕ್ಕೋರು ಇನ್ನೆರಡು ಹೊಸ ಚೆಂಡು ತರಿಸಿದ್ದರು. ಇಬ್ಬಿಬ್ಬರಾಗಿ ಎದುರುಬದುರು ನಿಂತು ಎಸೆದಾಡಿ ಅಂದರು. ಎಲ್ಲರೂ ಜೋಡಿ ಹಿಡಿದರು. ನಾನು ನಿಂತಲ್ಲೇ ನಿಂತಿದ್ದೆ, ಇವತ್ತು ಬಂದದ್ದೇ ತಪ್ಪಾಯಿತೇನೋ, ಹಪ್ಪಳದ ಕೆಲಸ ಅಷ್ಟೇ ನೋಡಿಕೊಳ್ಳಬೇಕಿತ್ತೇನೋ ಅಂದುಕೊಳ್ಳುತ್ತ.

ಕಾಶವ್ವ ಒಂದು ಚೆಂಡು ತೆಗೆದುಕೊಂಡು ಬಂದು ನನ್ನ ಎದುರಿಗೆ ನಿಂತಳು. ಸೀದಾ ಎಸೆದಳು. ಅಂಗೈ ಉರಿದುಹೋಯಿತು, ಆದರೆ ಹಿಡಿದೆ. ತಿರುಗಿ ಎಸೆದೆ. "ಎರಡು ಹೆಜ್ಜಿ ಹಿಂದ ಸರಿ," ಅಂದಳು. ಸರಿದೆ. ಎಸೆದಳು, ಹಿಡಿದೆ, ಎಸೆದೆ. "ಇನ್ನಽ ಹಿಂದ." ಸರಿಯುತ್ತ ಸರಿಯುತ್ತ ನನ್ನ ಬೆನ್ನು ಹಪ್ಪಳ ಒಣಹಾಕುವ ಮಂಚಕ್ಕೆ ತಾಗಿತು. ಅವಳೂ ಹಿಂದೆ ಹೋಗಿ ಅಂಗಳದ ಆ ತುದಿಯ ಗೋಡೆಗೆ ಸೇರಿದಳು. ಅಷ್ಟು ದೂರ ಎಸೆಯುವ ತೋಳು ನನ್ನದಲ್ಲ ಎಂದು ಅವಳಿಗೂ ಗೊತ್ತು.

"ಅಲ್ಲಿಂದ ಒಗಿ," ಎಂದು ಕೂಗಿದಳು. "ನನ್ನ ಕೈಗೆ ಮುಟ್ಟೂತನಾ ಬಿಡೂದಿಲ್ಲ ನಾ."

ನನ್ನ ಮೊದಲ ಎಸೆತ ಅರ್ಧಕ್ಕೇ ಬಿದ್ದು ಅಲ್ಲೇ ನಿಂತಿತು. ಅವಳು ನಡೆದುಕೊಂಡು ಬಂದು, ಬಗ್ಗಿ ಅದನ್ನು ಎತ್ತಿಕೊಂಡು, ತಿರುಗಿ ತನ್ನ ಜಾಗಕ್ಕೆ ಹೋಗಿ ನಿಂತು, ಮತ್ತೆ ನನ್ನ ಕಡೆಗೇ ಎಸೆದಳು.